ಕುರಿಗೂ ಜಾಗವಿರುವ ದೋಣಿ

ಇಚಲಕರಂಜಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಾತ್ರಿ ಪಾಳಿ ಮುಗಿಸಿದವರು ಸೈಕಲ್ ತುಳಿಯುತ್ತ ಮನೆಯ ಕಡೆ ಹೊರಟಿದ್ದಾರೆ, ಹಗಲು ಪಾಳಿಯವರು ಬೈಕ್ ಮೇಲೆ ಶೆಡ್ಡಿನ ಕಡೆ. ಅವರೆಲ್ಲ ದಾಟಿ ಹೋಗುವ ಓಣಿಯ ಕೊನೆಗೆ, ಮಗ್ಗದ ಶೆಡ್ಡಿನ ಹಿಂಗೋಡೆಗೆ ತಾಗಿ, ಕೃಷ್ಣಾತ ಒಂದು ದೊಡ್ಡ ಡ್ರಮ್ಮಿಗೆ ಬಕೆಟ್ಟಿನಿಂದ ನೀರು ಸುರಿಯುತ್ತಿದ್ದಾರೆ. ಡ್ರಮ್ಮಿನ ಪಕ್ಕ ದಪ್ಪ ಹಲಗೆ ನೆಟ್ಟಿದೆ. ಹಲಗೆಗೆ ಕಬ್ಬಿಣದ ಬ್ರ್ಯಾಕೆಟ್ಟು, ಬ್ರ್ಯಾಕೆಟ್ಟಿನ ಮೇಲೆ ದೋಣಿಯ ಹಳೆ ಎಂಜಿನ್ನು. ಎಂಜಿನ್ನಿನ ಪಂಖ ಡ್ರಮ್ಮಿನ ನೀರಿನಲ್ಲಿ ಮುಳುಗಿದೆ. ಅದಕ್ಕೆ ಎರಡು ಮಾರು ದೂರದಲ್ಲಿ ಒಂದು ಕರಿ ಟಗರು ಕಟ್ಟಿದೆ. ದೋಣಿ ಮಾತ್ರ ಎಲ್ಲೂ ಕಾಣುವುದಿಲ್ಲ.

ಕೃಷ್ಣಾತ ಹಗ್ಗ ಜಗ್ಗುತ್ತಾರೆ. ಎಂಜಿನ್ನು ಕೆಮ್ಮುತ್ತದೆ, ಇನ್ನೊಮ್ಮೆ ಜಗ್ಗಿದರೆ ಓಣಿಯೇ ನಡುಗುವ ಹಾಗೆ ಗುಡುಗುತ್ತದೆ. ನೀರು ಉಕ್ಕಿ ಹೊರಚೆಲ್ಲುತ್ತದೆ. ಟಗರು ಹಗ್ಗ ಹರಿದುಕೊಳ್ಳುವಂತೆ ಹಿಂದೆ ಸರಿಯುತ್ತದೆ. ಅಂಗೈ ತುಂಬ ಗೋವಿನಜೋಳ ಹಿಡಿದುಕೊಂಡು ಅವರು ಅದರ ಮುಂದೆ ಕೂರುತ್ತಾರೆ. "ಅಂಜಬ್ಯಾಡೋ ಸರಪಂಚಾ. ಬರೇ ಬಾಯಿ ಐತಿ ಇದಕ್ಕ, ಹಲ್ಲಿಲ್ಲ."

ಟಗರಿನ ಹೆಸರು ಸರಪಂಚ. ಯಾಕೆಂದರೆ ಅದು ಹೋದ ಕಡೆಗೇ ಹಿಂಡು ಹೋಗುತ್ತದೆ, ಯಾಕೆ ಏನು ಅಂತ ಒಂದೂ ಕುರಿ ಕೇಳುವುದಿಲ್ಲ.

"ಏನ್ ಕಾಕಾ, ಡ್ರಮ್ಮಿನಾಗ ಕೂತು ಗೋವಾಕ್ಕ ಹೊಂಟ್ರೇನು?" ಎಂದು ಸೈಕಲ್ಲಿನವನೊಬ್ಬ ಕೂಗಿ ಹೋಗುತ್ತಾನೆ. ಕೃಷ್ಣಾತರಿಗೆ ಸಿಟ್ಟಿಲ್ಲ. "ಅನ್ಲಿ ಬಿಡ್ರಿ. ನಗಿಚಾಟಿಗರ ಯಾರೋ ಕರದು ಮಾತಾಡಸ್ತಾರಲ್ಲ. ಇಲ್ಲಂದ್ರ ಮುಂಜಾನಿಂದ ಸಂಜೀತನಕ ನನ್ನ ಹೆಸರು ಹಿಡದು ಕರಿಯವ್ರು ಯಾರದಾರ?"

ಐವತ್ತೇಳರ ಕೃಷ್ಣಾತ ಇಲ್ಲಿ ಜಾಬರ್, ಅಂದರೆ ಕೆಟ್ಟ ಮಗ್ಗವನ್ನು ನಡೆಸಿ ಕೊಡುವ ಕೆಲಸಗಾರ. ನಲವತ್ತೆಂಟು ಮಗ್ಗ ಅವರ ಸುಪರ್ದಿನಲ್ಲಿವೆ. ಹುಟ್ಟಿದ್ದು ಮಾತ್ರ ಮುರಗೂಡದ ಆಚೆ, ವೇದಗಂಗೆಯ ದಂಡೆಯ ಸಣ್ಣ ಊರಿನ ಕುರಿಗಾರರ ಮನೆಯಲ್ಲಿ. ಅಜ್ಜಂದಿರು ಕರ್ನಾಟಕದಿಂದ ಹಿಂಡು ಹೊಡೆದುಕೊಂಡು ಬಂದು ಅಲ್ಲೇ ನೆಲೆಯೂರಿದವರು. "ಕುರಿಗೆ ಕನ್ನಡ ಬರ್ತೈತ್ರಿ, ಮಗ್ಗಕ್ಕ ಮರಾಠಿ" ಎಂದು ನಗುತ್ತಾರೆ. ಶೆಡ್ಡಿನ ಹತ್ತಿರವೇ ಒಂದು ಕೋಣೆ, ಒಂದು ತಾಟು, ಒಂದು ಚಾದರ. ಮಗ್ಗಗಳ ಸಪ್ಪಳದಲ್ಲಿ ದಿನವಿಡೀ ಕಿವಿ ಕಿವುಡಾಗಿ, ಕೋಣೆಗೆ ಬಂದು ಕೂತರೆ ಸುಮ್ಮನಿರುವುದೇ ಭಾರ ಅನ್ನಿಸುತ್ತದಂತೆ. ಹೆಂಡತಿ ಹಣಮವ್ವ ಊರಲ್ಲಿ ಕುರಿಗಳ ಜೊತೆ ಇದ್ದಾರೆ. ಮಗಳು ಮಂಗಲ ಗಡಹಿಂಗ್ಲಜದ ಸೊಸೆ. ಗಂಡ ಹೆಂಡಿರ ನಡುವೆ ಮಾತು ನಿಂತು ವರ್ಷಗಳೇ ಆದವು. ಬೇಕಾದ ಸುದ್ದಿಯೆಲ್ಲ ಮಂಗಲಳ ಫೋನಿನಿಂದಲೇ ಹೋಗಿ ಬರಬೇಕು.

ಮಾತು ನಿಂತದ್ದು ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದಲ್ಲಿ. ಹೊಳೆ ಊರೊಳಗೆ ಬಂದಾಗ ಹಣಮವ್ವ ಕುರಿಗಳನ್ನು ಹೊಡೆದುಕೊಂಡು ಊರಾಚೆಯ ದಿಬ್ಬ ಏರಿದ್ದರು. ಅಲ್ಲೇ ಅವರ ಕುರಿದೊಡ್ಡಿ. ಸುತ್ತ ನೀರು, ನಡುವೆ ದಿಬ್ಬ. ಕೃಷ್ಣಾತ ಇಚಲಕರಂಜಿಯಿಂದ ಹೇಗೋ ಬಂದು ಮುಟ್ಟಿ, ಜನರನ್ನು ಸಾಗಿಸುತ್ತಿದ್ದ ದೋಣಿಯೊಂದನ್ನು ಕಾಡಿ ಬೇಡಿ ಅಲ್ಲಿಯ ತನಕ ಒಯ್ದರು. ದೋಣಿಯವರದು ಒಂದೇ ಮಾತು: ಮನುಷ್ಯರು ಬರಲಿ, ಕುರಿಗೆ ಜಾಗವಿಲ್ಲ. ಹಣಮವ್ವ ಒಲ್ಲೆ ಎಂದರು. ಕೃಷ್ಣಾತ ಅವರ ಕೈ ಹಿಡಿದು ಎಳೆದು ದೋಣಿಯೊಳಗೆ ಹಾಕಿದರು.

"ನೀರು ಏರಾಕತ್ತಿತ್ರಿ. ನನ್ನ ಕಣ್ಣಿಗೆ ಅಕಿ ಒಬ್ಬಾಕೀನ ಕಂಡ್ಲು, ಮತ್ತೇನೂ ಕಾಣಲಿಲ್ಲ. ದೋಣಿ ಹೊಂಟ ಮ್ಯಾಲ ಹಿಂದ ಸಪ್ಪಳಾತು. ಮುಂದಾಳು ಟಗರು ಅಕಿ ಬೆನ್ನ ಹತ್ತಿ ನೀರಿಗೆ ಹಾರಿತ್ತು. ಅದರ ಹಿಂದ ಒಂದೊಂದ ಎಲ್ಲಾ ಹಾರಿದುವು. ಒಡತಿ ಹೊಂಟ್ರ ಕುರಿ ನಿಂದರ್ತಾವೇನ್ರಿ? ಕುರಿಗಾರನ ಹೊಟ್ಟ್ಯಾಗ ಹುಟ್ಟಿ ನಾ ಇಷ್ಟರ ತಿಳಕೋಬೇಕಿತ್ತು."

ಹೊಳೆ ಅಷ್ಟನ್ನೂ ಒಯ್ದಿತು. ಇನ್ನೂ ಕೇಳಿ, ಸಂಕಟದ ಮಾತು ಮುಂದಿದೆ. ಆ ಪೂರದಲ್ಲಿ ದಿಬ್ಬದ ನೆತ್ತಿ ಮುಳುಗಲೇ ಇಲ್ಲ. ನೀರು ಇಳಿದ ಮೇಲೆ ಹೋಗಿ ನೋಡಿದರೆ ದೊಡ್ಡಿಯ ನೆಲ ಒಣಗಿಯೇ ಇತ್ತು. "ನಾ ಅಲ್ಲೇ ನಿಂತಿದ್ರ ಅವೂ ನಿಂತಿರ್ತಿದ್ವು" ಎಂದರು ಹಣಮವ್ವ. ಗಂಡನಿಗೆ ನೇರವಾಗಿ ಆಡಿದ ಕೊನೆಯ ಮಾತು ಅದು. ಆಮೇಲೆ ಸಾಲ ಸೋಲ ಮಾಡಿ ಹೊಸ ಹಿಂಡು ಕಟ್ಟಿ, ಅದೇ ದಿಬ್ಬಕ್ಕೆ ಹೋದರು. ಮಳೆಗಾಲದಲ್ಲಿ ಬೇರೆ ಕಡೆ ಹೋಗೋಣವೆಂದರೆ ಎಲ್ಲೆಲ್ಲೂ ಪೈರು, ಕುರಿ ಕಾಲಿಡಲು ಯಾರೂ ಬಿಡುವುದಿಲ್ಲ. ಮಗಳ ಮುಂದೆ ಆಣೆ ಮಾಡಿ ಹೇಳಿದ್ದಾರೆ: ಇನ್ನೊಮ್ಮೆ ನೀರು ಬಂದರೆ ಯಾರ ದೋಣಿಯನ್ನೂ ಹತ್ತುವುದಿಲ್ಲ, ಕುರಿ ಇದ್ದಲ್ಲೇ ತಾನು.

ಎರಡು ವರ್ಷಕ್ಕೆ ಹೊಳೆ ಮತ್ತೆ ಏರಿತು. ಹಣಮವ್ವ ಕದಲಲಿಲ್ಲ. ರಸ್ತೆ ಮುಳುಗಿ ಕೃಷ್ಣಾತ ಈಚೆ ದಂಡೆಯಲ್ಲೇ ನಿಂತುಬಿಟ್ಟರು. ಮಬ್ಬಿನಲ್ಲಿ ದಿಬ್ಬವೂ ಕಾಣದು. ಆ ಸಲ ನೀರು ದಿಬ್ಬದ ಬುಡದಲ್ಲೇ ನಿಂತು ಹಿಂದೆ ಸರಿಯಿತು. ಆದರೆ ಪ್ರತಿಸಲ ಹೊಳೆ ಮಾತು ಕೇಳುತ್ತದೆಯೇ? "ಅವತ್ತ ಅನಸ್ತು, ಕುರಿ ಹತ್ತೂ ದೋಣಿ ಇಲ್ಲದ ನನ್ನ ಹೇಣ್ತಿ ಬದುಕೂದಿಲ್ಲ ಅಂತ. ಯಾರನ್ನ ಕೇಳ್ಲಿ? ನಾನ ಮಾಡಬೇಕಾತು."

ಹೊಸ ದೋಣಿಯ ಮಾತೆಲ್ಲಿ ಬಂತು! ಗಡಹಿಂಗ್ಲಜದ ಹತ್ತಿರ ಹಿರಣ್ಯಕೇಶಿಯ ದಂಡೆಯಲ್ಲಿ ಮೀನು ಹಿಡಿಯುವ ದಾದಾಸಾಹೇಬರ ಹಿತ್ತಲಲ್ಲಿ ಒಂದು ಫೈಬರ್ ದೋಣಿ ಬೋರಲು ಬಿದ್ದಿತ್ತು. ಮಂಗಲಳೇ ಅದನ್ನು ಕಂಡು ಅಪ್ಪನಿಗೆ ಹೇಳಿದ್ದು. ಅದರ ಕೆಳಗೆ ಕೋಳಿಗಳು ಸಂಸಾರ ಹೂಡಿದ್ದವು. ತೂತುಗಳನ್ನು ಮುಚ್ಚಿ ಅದಕ್ಕೆ ಜೀವ ಕೊಡಲು ಕೃಷ್ಣಾತರಿಗೆ ಒಂದು ಚಳಿಗಾಲ ಹಿಡಿಯಿತು. ಎಂಜಿನ್ನು ಕೊಂಕಣದ ಕಡೆಯಿಂದ ಕೈಯಿಂದ ಕೈಗೆ ದಾಟಿ ಬಂದದ್ದು. ಬ್ರ್ಯಾಕೆಟ್ಟು ಕೊಲ್ಹಾಪುರದ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ದೋಣಿಯ ಹಿಂಬದಿಯ ಹಲಗೆಯನ್ನು ಕಚ್ಚಿ ಹಿಡಿದು ಎಂಜಿನ್ನಿನ ಭಾರ ಹೊರುವುದು ಈ ಬ್ರ್ಯಾಕೆಟ್ಟೇ. ಇದು ಯಾವುದೋ ದೊಡ್ಡ ದೋಣಿಯದು. ಅದರ ದವಡೆ ಅಗಲ, ಎಂಜಿನ್ ಕೂರುವ ಜಾಗ ಎತ್ತರ. ಇವರ ಎಂಜಿನ್ನಿಗೋ ಕಾಲು ಗಿಡ್ಡ. ಹಾಗೇ ಕೂರಿಸಿದರೆ ಪಂಖಕ್ಕೆ ನೀರೇ ಸಿಗದು.

ಬ್ರ್ಯಾಕೆಟ್ಟನ್ನು ಹೆಗಲ ಮೇಲಿಟ್ಟುಕೊಂಡು ಅವರು ಹೋದದ್ದು ಶಿರೋಳಿಗೆ, ಉಜ್ವಲಾ ಎಂಬ ಹೆಣ್ಣುಮಗಳ ವೆಲ್ಡಿಂಗ್ ಶೆಡ್ಡಿಗೆ. ದವಡೆ ಕೊಯ್ದು ಕಿರಿದು ಮಾಡಿದರು, ಪಟ್ಟಿ ಬೆಸೆದು ಎಂಜಿನ್ನಿನ ಜಾಗವನ್ನು ಒಂದು ಗೇಣು ಕೆಳಗಿಳಿಸಿದರು. ಅದುರುವುದನ್ನು ತಡೆಯಲು ಕೃಷ್ಣಾತ ಮಗ್ಗಕ್ಕೆ ಹಾಕುವ ಚರ್ಮದ ಪಟ್ಟಿ ತಂದಿದ್ದರು. ಉಜ್ವಲಾ ಹಣೆ ಚಚ್ಚಿಕೊಂಡರು: "ಕಾಕಾ, ಹಾ ಮಾಗ ನಾಹೀ, ನದೀ ಆಹೇ!" ಇದು ಮಗ್ಗವಲ್ಲ ಕಾಕಾ, ಹೊಳೆ! ಚರ್ಮ ನೀರು ಕುಡಿದು ಸಡಿಲಾಗುತ್ತದೆ ಎಂದು ಅದನ್ನು ತೆಗೆಸಿ ಹಳೆ ಟೈರಿನ ತುಂಡು ಕೊಯ್ದು ಕೊಟ್ಟರು.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ, ಬಂಧಾರದ ಒಡ್ಡಿನ ಹಿಂದೆ ನಿಂತ ವೇದಗಂಗೆಯ ನೀರಿನಲ್ಲಿ ದೋಣಿ ಇಳಿಯಿತು. ಖಾಲಿ ದೋಣಿ ಸರಸರ ಓಡಿತು. ಆದರೆ ಕುರಿ ಹತ್ತದೆ ಪರೀಕ್ಷೆ ಮುಗಿಯುವುದು ಹೇಗೆ? ಕೃಷ್ಣಾತ ಮಗಳ ಕಡೆಯಿಂದ ಹೇಳಿ ಕಳಿಸಿದ್ದರು. ಉತ್ತರ ಬಂದಿರಲಿಲ್ಲ. ಆ ದಿನ ನೋಡಿದರೆ ಹಣಮವ್ವ ಹಿಂಡು ಹೊಡೆದುಕೊಂಡು ತಾವೇ ದಂಡೆಗೆ ಬಂದರು. ಗಂಡನ ಕಡೆ ಕಣ್ಣೆತ್ತಿಯೂ ನೋಡದೆ ಸರಪಂಚನ ಜೊತೆ ಹತ್ತು ಹನ್ನೆರಡು ಕುರಿ ಹತ್ತಿಸಿ ಬದಿಗೆ ನಿಂತರು.

ಎಂಜಿನ್ ಗುಡುಗಿದ್ದೇ ತಡ, ಸರಪಂಚ ಬೆದರಿ ದೋಣಿಯ ಮೂತಿಗೆ ಓಡಿದ. ಸರಪಂಚ ಹೋದರೆ ಪಂಚಾಯತಿ ಹಿಂದೆ ಉಳಿದೀತೇ? ಅಷ್ಟೂ ಕುರಿ ಮುಂದಕ್ಕೆ ನುಗ್ಗಿ ಒತ್ತಿ ನಿಂತವು. ದೋಣಿಯ ಮೂತಿ ತಗ್ಗಿತು, ಹಿಂಬದಿ ಮೇಲೆದ್ದಿತು. ಪಂಖ ಗಾಳಿಯಲ್ಲಿ ತಿರುಗಿ ಚೀರಿತು. ದೋಣಿ ದಿಕ್ಕು ತಪ್ಪಿ ಗಿರಗಿರನೆ ತಿರುಗತೊಡಗಿತು. ನೋಡಲು ಬಂದಿದ್ದ ದಾದಾಸಾಹೇಬರು ದಂಡೆಯಿಂದ ಹಗ್ಗ ಎಸೆದು ಎಳೆಯದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. "ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು ಇವನ ಕೆಲಸ" ಎಂದು ಊರವರು ನಕ್ಕರು. ಮಹಾಪೂರದಲ್ಲೊಮ್ಮೆ, ಈಗೊಮ್ಮೆ, ಎರಡು ಸಲ ಅದೇ ತಪ್ಪು, ಕೃಷ್ಣಾತರಿಗೆ ತಲೆ ಎತ್ತಲಾಗಲಿಲ್ಲ. "ಎಂಜಿನ್ನಿನ ಲೆಕ್ಕ ಹಾಕಿದ್ನಿ, ಹಲಗಿ ಲೆಕ್ಕ ಹಾಕಿದ್ನಿ. ಮುಂದಾಳು ಎಲ್ಲಿ ನಿಂದರ್ತಾನ ಅನ್ನೂದು ಬಿಟ್ಟಬಿಟ್ಟಿದ್ನಿ."

ಹಣಮವ್ವ ನಗಲಿಲ್ಲ. ದೋಣಿಯ ಹತ್ತಿರ ಬಂದು ಟಗರಿನ ಕೋಡು ಹಿಡಿದರು. ಕುರಿಗಳನ್ನು ಇಳಿಸಿ, ಸರಪಂಚನನ್ನು ಎಳೆದುಕೊಂಡು ಹೋಗಿ ಹಿಂಬದಿಯ ಬ್ರ್ಯಾಕೆಟ್ಟಿನ ಪಕ್ಕ ನಿಲ್ಲಿಸಿದರು. ಅವನು ಎಲ್ಲಿ ನಿಲ್ಲುತ್ತಾನೋ ಹಿಂಡೂ ಅಲ್ಲೇ, ಅಷ್ಟು ಹೇಳಲು ಮಾತು ಬೇಕಿರಲಿಲ್ಲ. ಆದರೆ ಎಂಜಿನ್ನಿನ ಸಪ್ಪಳಕ್ಕೆ ಟಗರು ನಡುಗುತ್ತಿತ್ತು. ಆಗ ಹಣಮವ್ವ ಅದರ ಹಗ್ಗವನ್ನು ಗಂಡನ ಕೈಗಿಟ್ಟರು. ಮಾತಾಡಿದ್ದು ಮಾತ್ರ ಟಗರಿನ ಜೊತೆ: "ಹೋಗೋ ಸರಪಂಚಾ, ಅವ್ರ ಜೋಡಿ ಇದ್ದು ಆ ಸಪ್ಪಳ ರೂಢಿ ಮಾಡ್ಕೊ. ಅಂಜಬ್ಯಾಡ. ಅವ್ರಿಗೂ ಬ್ಯಾರೆ ಯಾರಿಲ್ಲ."

ಕೃಷ್ಣಾತ ಈ ಮಾತನ್ನು ಹೇಳುವಾಗ ಎಂಜಿನ್ ಆರಿಸಿ, ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಯಿಂದ ಬಹಳ ಹೊತ್ತು ಒರೆಸುತ್ತಾರೆ. "ನನಗ ಅಂದಿದ್ದಲ್ರಿ ಅದು. ಆದ್ರ ನನ್ನ ಕಿವಿಗೆ ಬಿತ್ತು. ಅಷ್ಟ ಸಾಕಾತು."

ಹೀಗೆ ಟಗರು ಇಚಲಕರಂಜಿಗೆ ಬಂತು. ಓಣಿಯವರು ಗೊಣಗಿದರು, ಮನೆಯೊಡೆಯ ಎರಡು ಸಲ ಬಂದು ಬೈದು ಹೋದ. ಬ್ರ್ಯಾಕೆಟ್ಟಿಗೂ ಇನ್ನೊಂದು ಕೆಲಸ ಬಿತ್ತು. ದೋಣಿ ಮುಂದಕ್ಕೆ ಬಾಗಿದರೂ ಪಂಖ ನೀರು ಬಿಡಬಾರದು, ಅಂದರೆ ಎಂಜಿನ್ನು ಏರಿಳಿಯುವಂತಿರಬೇಕು. ಶೆಡ್ಡಿನ ಮೂಲೆಯಲ್ಲಿ ಮುರಿದ ಮಗ್ಗದ ಹಲ್ಲಿನ ಗಾಲಿಯೊಂದು ಬಿದ್ದಿತ್ತು. ಮಗ್ಗದಲ್ಲಿ ಬಟ್ಟೆಯನ್ನು ಹಲ್ಲು ಹಲ್ಲಾಗಿ ಸುತ್ತಿಸಿಕೊಳ್ಳುವ ಗಾಲಿ ಅದು, ಕೊಕ್ಕೆ ಬಿದ್ದ ಮೇಲೆ ಹಿಂದೆ ತಿರುಗದು. ಅದನ್ನೇ ಉಜ್ವಲಾರಿಂದ ಬ್ರ್ಯಾಕೆಟ್ಟಿಗೆ ಬೆಸೆಸಿದರು. ಈಗ ಹಿಡಿ ತಿರುಗಿಸಿದರೆ ಎಂಜಿನ್ನು ಬೇಕಾದಷ್ಟು ಇಳಿದು ಅಲ್ಲೇ ಕಚ್ಚಿ ನಿಲ್ಲುತ್ತದೆ. ಉಜ್ವಲಾ ಕೂಲಿ ತೆಗೆದುಕೊಳ್ಳಲಿಲ್ಲ. ದೋಣಿ ಓಡಿದ ದಿನ ಒಂದು ಫೋನ್ ಮಾಡಿ ಅಂದರಂತೆ.

ಈ ವರ್ಷ ಯುಗಾದಿ ಆದ ಮೇಲೆ ಆ ಫೋನ್ ಹೋಯಿತು. ಸರಪಂಚ ಬ್ರ್ಯಾಕೆಟ್ಟಿಗೆ ಮೈ ತಾಗಿಸಿ, ಸಪ್ಪಳದ ನಡುವೆಯೂ ಗೋವಿನಜೋಳ ಮೆಲ್ಲುತ್ತ ನಿಂತಿದ್ದ. ಹಿಂಡು ಅವನ ಸುತ್ತ ನಿಂತಿತು. ದೋಣಿ ಆಚೆ ದಂಡೆ ಮುಟ್ಟಿ ಈಚೆಗೆ ಬಂತು. ಈ ಸಲ ನಗಲು ಯಾರೂ ಬಂದಿರಲಿಲ್ಲ, ಹೊಗಳಲೂ ಬಂದಿರಲಿಲ್ಲ. ಹಣಮವ್ವ ದೊಡ್ಡಿಯ ಬಾಗಿಲಲ್ಲೇ ನಿಂತು ನೋಡಿದರು. ಕೃಷ್ಣಾತ ದೋಣಿಯನ್ನು ದಿಬ್ಬದ ಬುಡಕ್ಕೆ ಕಟ್ಟಿ ಮುಖ ತೊಳೆದು ಬರುವಷ್ಟರಲ್ಲಿ, ದೋಣಿಯ ಹಲಗೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಖಾರಬ್ಯಾಳಿ ಇತ್ತು. ಇಟ್ಟವರು ಕಾಣಲಿಲ್ಲ. ಅಲ್ಲೇ ಒಬ್ಬರೇ ಕೂತು ಉಂಡು, ಟಗರು ಮತ್ತು ಎಂಜಿನ್ನನ್ನು ಟೆಂಪೋದಲ್ಲಿ ಹಾಕಿಕೊಂಡು ಪಾಳಿಗೆ ವಾಪಸ್ ಬಂದರು. ಟಗರಿಗೆ ಮಳೆಗಾಲದ ತನಕ ಪಾಠ ನಡೆಯಲೇಬೇಕು. ಬಿಟ್ಟರೆ ಮರೆಯುತ್ತದೆ.

ಈಗ ಪಡುವಣದಲ್ಲಿ ಮೋಡ ಕಟ್ಟುತ್ತಿದೆ, ಮೃಗಶಿರಾ ಮಳೆಗೆ ದಿನಗಳಷ್ಟೇ ಬಾಕಿ. ಮೊದಲ ಮಳೆ ಬಿದ್ದ ದಿನವೇ ಪಾಳಿಗೆ ರಜೆ ಹಾಕಿ, ಎಂಜಿನ್ನು ಟಗರು ಸಮೇತ ದಿಬ್ಬದ ಬುಡಕ್ಕೆ ಹೋಗಿ ಬಿಡುವುದೆಂದು ಅವರು ಶೆಡ್ಡಿನಲ್ಲಿ ಹೇಳಿಟ್ಟಿದ್ದಾರೆ. ನೀರು ಬಂದರೆ ದೋಣಿ ಹತ್ತುತ್ತೀಯಾ ಎಂದು ಮಂಗಲ ಫೋನಿನಲ್ಲಿ ಕೇಳಿದ್ದಕ್ಕೆ ಅವ್ವ ಒಂದೇ ಮಾತು ಅಂದಿದ್ದಾರೆ: "ನೋಡೂಣು." ಒಲ್ಲೆ ಅನ್ನಲಿಲ್ಲವಲ್ಲ ಎಂದು ಮಗಳಿಗೆ ಸಮಾಧಾನ. ಅಪ್ಪ ಆ ಮಾತನ್ನು ದಿನಕ್ಕೆ ಎಷ್ಟು ಸಲ ಮೆಲುಕು ಹಾಕುತ್ತಾರೋ ಶಿವನೇ ಬಲ್ಲ.

"ಈ ಸಲ ಅಕಿ ಕೈ ಹಿಡದು ಎಳಿಯೂದಿಲ್ರಿ" ಎನ್ನುತ್ತಾರೆ ಕೃಷ್ಣಾತ. "ಬಾ ಅಂತನೂ ಅನ್ನೂದಿಲ್ಲ. ಅಕಿ ದಿಬ್ಬದ ಮ್ಯಾಲ ನಿಂತಿರ್ಲಿ. ಅಕಿ ನಿಂತ್ರ ಉಳಿದ ಕುರಿ ನಿಂದರ್ತಾವ. ನಾ ಒಂದೊಂದ ಖೇಪಿಗೆ ಅಷ್ಟಷ್ಟ ಒಯ್ದು ದಾಟಸ್ತೇನಿ. ಕಡೀ ಕುರಿ ಹತ್ತಿದ ಮ್ಯಾಲ ದೋಣಿ ಹಿಡಕೊಂಡು ಸುಮ್ನ ನಿಂದರ್ತೇನಿ. ಅಕಿ ತಾನ ಹತ್ತತಾಳ."