ಹೊಳೆಯ ಮೇಲಿನ ಮಂಡಕ್ಕಿ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಇದನ್ನು ನಾನೇ ಬರೆಯಬೇಕು. ಬೇರೆಯವರ ಕೈಲಿ ಬರೆಸಿದರೆ ನನ್ನ ಹೊಟ್ಟೆಕಿಚ್ಚನ್ನು ಬಿಟ್ಟು, ಬರೀ ಸಂತೋಷವನ್ನಷ್ಟೇ ಬರೆಯುತ್ತಾರೆ.

ನನ್ನ ಮಗಳು ಸ್ಕಾಟ್ಲೆಂಡಿನ ಅಬರ್ಡೀನ್ ಎಂಬ ಸಮುದ್ರದಂಡೆಯ ಹಳೇ ಊರಿನಲ್ಲಿ ನರ್ಸ್. ಚೊಚ್ಚಲ ಬಾಣಂತನ ತವರಿನದು, ಅಂದರೆ ನನ್ನ ಹಕ್ಕು. ಆದರೆ ಪಾಸ್‌ಪೋರ್ಟಿಗೆ ಹುಟ್ಟಿದ ವರ್ಷ ನಾನೇ ತಪ್ಪು ಹೇಳಿ, ಅದನ್ನು ತಿದ್ದಿಸುವುದರೊಳಗೆ ಅಳಿಯನ ತಾಯಿ, ಹರಿಹರದ ನಮ್ಮ ಬೀಗತಿ, ವಿಮಾನ ಹತ್ತಿಬಿಟ್ಟರು. ಕೂಸಿಗೆ ಮಾತು ಬರುವ ಹೊತ್ತಿಗೆ ಇನ್ನೊಂದು ಸಲವೂ ಹೋಗಿ ಬಂದರು. ನಾನು ದಾವಣಗೆರೆಯ ವಿನೋಬನಗರದ ಮನೆಯಲ್ಲಿ ಕೂತು ಫೋನಿನ ಗಾಜಿಗೆ ಮುತ್ತು ಕೊಡುತ್ತಿದ್ದೆ.

ಈ ವರ್ಷ ನನ್ನ ಸರದಿ ಬಂತು. ಎರಡು ವರ್ಷದ ಮೊಮ್ಮಗಳನ್ನು ಎತ್ತಿಕೊಂಡಾಗ ಕಾಲು ನೆಲದ ಮೇಲಿರಲಿಲ್ಲ. ಅವಳು ನನ್ನ ಮೂಗುತಿ ಮುಟ್ಟಿ, "ಹರಿಹರಜ್ಜಿ ಎಲ್ಲಿ?" ಎಂದಳು.

ನನಗಿದ್ದದ್ದು ಒಂದೇ ತಿಂಗಳು. ಅಷ್ಟರಲ್ಲಿ ಈ ಕೂಸಿನ ಬಾಯಲ್ಲಿ ನನ್ನದು ಅಂತ ಒಂದು ಮಾತಾದರೂ ಉಳಿಯಬೇಕು ಎಂದು ಹಟ ಹಿಡಿದೆ.

ಮಗಳು ರಜೆ ಹಾಕಿ ಊರು ತೋರಿಸಿದಳು. ಊರಿಗೆ ಊರೇ ಬೂದುಗಲ್ಲಿನದು. ಮಳೆ ನಿಂತು ಬಿಸಿಲು ಬಿದ್ದರೆ ಗೋಡೆಗಳು ಹರಳುಪ್ಪು ಎರಚಿದ ಹಾಗೆ ಮಿನುಗುತ್ತವೆ. ನಾನು ಬೆರಗಾಗಿ ನಿಂತರೆ ಮಗಳು, "ಅವ್ವ, ನಮ್ಮತ್ತೇನೂ ಇಲ್ಲೇ ನಿಂತು ನೋಡಿದ್ರು" ಅಂದಳು. ನೂರಾರು ವರ್ಷದ ಚರ್ಚಿನ ಬಣ್ಣದ ಗಾಜಿನ ಮುಂದೆ ಬೀಗತಿ ಕೈ ಮುಗಿದಿದ್ದರಂತೆ. ಕಲ್ಲು ಹಾಸಿದ ಹಳೇ ಬೀದಿಯಲ್ಲಿ ಮೊಣಕಾಲು ನೋಯುತ್ತದೆ ಎಂದು ಬೆಂಚಿನ ಮೇಲೆ ಕೂತೆ. ಅದೂ ಅವರು ಕೂತ ಬೆಂಚೇ!

"ಅವ್ರು ಕೂರದಿರೋ ಜಾಗ ಈ ಊರಾಗೆ ಯಾವುದಾರ ಐತೇನೇ?"

"ಐತಲ್ಲ, ಬಸ್ ಡ್ರೈವರ್ ಸೀಟು" ಎಂದು ನಕ್ಕಳು ಮಗಳು. ನನಗೆ ನಗು ಬರಲಿಲ್ಲ.

ಕೊನೆಗೆ ಸಮುದ್ರದ ದಂಡೆಗೆ ಹೋದೆವು. ಮೊಮ್ಮಗಳು ಕೈ ಚಾಚಿ, "ಹೊಳೆ! ಹೊಳೆ!" ಎಂದು ಕುಣಿದಳು. ಅಷ್ಟು ದೊಡ್ಡ ಸಮುದ್ರಕ್ಕೆ ಹೊಳೆಯಂತೆ! ತುಂಗಭದ್ರೆಯ ದಂಡೆಯವರು ಎಂದು ಹರಿಹರದವರಿಗೆ ಮೊದಲೇ ಜಂಬ. "ನಿಮ್ಮ ದಾವಣಗೆರೇದು ಕಾಲುವೆ ನೀರು, ನಮ್ದು ಹೊಳೆ ನೀರು ನೋಡ್ರಿ" ಎಂದು ಮದುವೆ ಮಾತುಕತೆಯ ದಿನವೇ ಬೀಗತಿ ನನಗೆ ಚುಚ್ಚಿದ್ದರು. ಈಗ ಸಮುದ್ರವನ್ನೂ ಹರಿಹರಕ್ಕೆ ಸೇರಿಸಿ ಹೋಗಿದ್ದರು.

"ಸಮುದ್ರ ಅನ್ನು, ನನ್ನ ಬಂಗಾರ."

"ಹೊಳೆ."

ಸೋತು ಚೀಲದಿಂದ ಮಂಡಕ್ಕಿ ಪೊಟ್ಟಣ ತೆಗೆದೆ. ಮೊಮ್ಮಗಳಿಗೆಂದು ಖಾರ ಕಡಿಮೆ ಹಾಕಿ, ಮನೆಯಲ್ಲೇ ಒಗ್ಗರಣೆ ಕೊಟ್ಟು, ದಾವಣಗೆರೆಯಿಂದ ಹೊತ್ತು ತಂದದ್ದು. ಒಂದು ಹಿಡಿ ಅವಳ ಬಾಯಿಗೆ ಒಯ್ಯುವುದರೊಳಗೆ, ಕೋಳಿಗಿಂತ ದಪ್ಪನೆಯ ಬಿಳಿ ಹಕ್ಕಿಯೊಂದು ಎರಗಿ ಪೊಟ್ಟಣವನ್ನೇ ಕಿತ್ತುಕೊಂಡು ಹಾರಿತು.

"ಏಯ್, ಮಂಡಕ್ಕಿ! ನನ್ನ ಮಂಡಕ್ಕಿ!" ಎಂದು ಸ್ವೆಟರಿನ ಮೇಲಿನ ಸೆರಗು ಬೀಸುತ್ತಾ ಮರಳಿನಲ್ಲಿ ಓಡಿದೆ. ಮೇಲಿಂದ ನನ್ನ ತಲೆಯ ಮೇಲೇ ಮಂಡಕ್ಕಿ ಉದುರಿತು. ಮೊಮ್ಮಗಳು ನಕ್ಕೂ ನಕ್ಕೂ ಕುಕ್ಕರಿಸಿದಳು. ಆಮೇಲೆ ಹಕ್ಕಿಯ ಕಡೆ ಬೆರಳು ಮಾಡಿ, "ಮಂಡಕ್ಕಿ!" ಎಂದಳು.

"ಮಂಡಕ್ಕಿ ಅಲ್ಲ ಪುಟ್ಟಿ, ಹಕ್ಕಿ" ಎಂದಳು ಮಗಳು.

"ಸುಮ್ನಿರೇ, ತಿದ್ದಬ್ಯಾಡ" ಎಂದು ಗದರಿದೆ.

ಅಂದಿನಿಂದ ಆ ಊರಿನ ಬಿಳಿ ಹಕ್ಕಿಗಳೆಲ್ಲ ಮಂಡಕ್ಕಿಯಾದವು.

ದಾವಣಗೆರೆಗೆ ವಾಪಸು ಬಂದ ಮೂರನೇ ದಿನವೇ ಹರಿಹರದ ಬಸ್ಸು ಹತ್ತಿದೆ. "ಬರ್ರಿ, ಕೂಡ್ರಿ. ಸಮುದ್ರ ನೋಡಿದ್ರಾ?" ಎಂದು ಬೀಗತಿ ಟೀ ಕೊಟ್ಟರು. ಅಷ್ಟರಲ್ಲಿ ಅವರ ಫೋನಿಗೆ ವಿಡಿಯೋ ಕಾಲ್ ಬಂತು. ಮೊಮ್ಮಗಳು ಕಿಟಕಿಯಾಚೆ ತೋರಿಸಿ, "ಮಂಡಕ್ಕಿ ಹೊಳೆಗೆ ಹೋತು!" ಎಂದಳು.

ಬೀಗತಿಯ ಮುಖ ಸಣ್ಣದಾಯಿತು. "ಹಕ್ಕಿಗೆ ಮಂಡಕ್ಕಿ ಅಂತ ಯಾರ್ರೀ ಕಲಿಸಿದ್ದು?"

"ಸಮುದ್ರಕ್ಕೆ ಹೊಳೆ ಅಂತ ಕಲಿಸಿದ್ರಲ್ಲ, ಅವ್ರ ಬೀಗತಿ" ಎಂದೆ.

ಅವರು ಫೋನನ್ನು ಇನ್ನಷ್ಟು ಹತ್ತಿರ ಹಿಡಿದು, "ಮುಂದಿನ ಸಲ ನಾನೇ ಬರೋದು, ಪುಟ್ಟಿ" ಎಂದರು. ನಾನು ಟೀಯನ್ನು ಕಪ್ಪಿನಡಿಯ ಬಸಿಗೆ ಸುರಿದುಕೊಂಡು, ಅವರಿಗೆ ಕೇಳಿಸುವ ಹಾಗೆ ಸೊರ್ರನೆ ಕುಡಿದೆ.