ಕೊಂಡಜ್ಜಿಯ ಗ್ಯಾಸ್ ತೊಟ್ಟಿ

ಮೊನ್ನೆ ಪಿ.ಜೆ. ಬಡಾವಣೆಯ ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ ಕಾಯುತ್ತಿದ್ದೆ. ಆಯಾ ಬಂದು ನೆಲ ಒರೆಸಿದಳು. ಫಿನಾಯಿಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಬತ್ತರ ದಶಕದ ನಮ್ಮ ಎದುರುಮನೆ ಚಾಚಾ ನೆನಪಾದರು. ಜೊತೆಗೆ ಹಳೆಯ ಸಿಟ್ಟೂ ಬಂತು.

ಚಾಚಾ ದಾವಣಗೆರೆಯ ಬಟ್ಟೆ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದರು. ಗಿರಣಿ ಬಾಗಿಲು ಹಾಕಿದ ಮೇಲೆ ಜೊತೆಗಾರರು ಕೆಲವರು ಹಮಾಲಿಗೆ ಇಳಿದರು, ಕೆಲವರು ಊರೇ ಬಿಟ್ಟರು. ಚಾಚಾ ಮಾತ್ರ ಗೋಬರ್ ಗ್ಯಾಸ್ ತೊಟ್ಟಿ ಕಟ್ಟುವುದನ್ನು ಕಲಿತರು. ಸಗಣಿಯಿಂದ ಒಲೆ ಉರಿಸುವ ಯೋಜನೆ ಆಗಷ್ಟೇ ನಮ್ಮ ಕಡೆ ಬಂದಿತ್ತು. ಹರಿಹರದಲ್ಲಿ ಆ ಯೋಜನೆ ನೋಡಿಕೊಳ್ಳುತ್ತಿದ್ದ ಕಚೇರಿಯಲ್ಲಿ ನಾನು ಟೈಪಿಸ್ಟ್. ಹತ್ತಿರದ ಕೊಂಡಜ್ಜಿ ಹಳ್ಳಿಯ ಒಂದು ಮನೆಯ ಹಿತ್ತಲಲ್ಲಿ ಚಾಚಾ ತೊಟ್ಟಿ ಕಟ್ಟಿ ತೋರಿಸಿದರೆ ಸುತ್ತಲಿನ ಹಳ್ಳಿಗಳ ಕೆಲಸವೆಲ್ಲ ಕೆಲಸ ಕಳೆದುಕೊಂಡ ಗಿರಣಿಯವರಿಗೇ ಎಂದು ಕಚೇರಿಯವರು ಮಾತು ಕೊಟ್ಟಿದ್ದರು.

"ಇದೊಂದು ಪಾಸಾದ್ರ ನಮ್ಮೋರು ಯಾರೂ ಊರು ಬಿಡಾದು ಬ್ಯಾಡ ಬೇಟಿ," ಎನ್ನುತ್ತಿದ್ದರು ಚಾಚಾ.

ಅವರೇ ಬೆಸುಗೆ ಹಾಕಿ ತೊಟ್ಟಿಯ ಮೇಲೆ ಬೋರಲು ಮುಚ್ಚಿದ ಕಬ್ಬಿಣದ ಡ್ರಮ್ಮು ಗ್ಯಾಸ್ ತುಂಬಿ ಮೇಲೆದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಆ ಮನೆಯಾಕೆ ನೀಲಿ ಉರಿಯಲ್ಲಿ ಚಹಾ ಕಾಸಿಕೊಟ್ಟಿದ್ದರು...

ಅಷ್ಟರಲ್ಲಿ ದೊಡ್ಡ ಸಾಹೇಬರು ತಪಾಸಣೆಗೆ ಬರುವುದೆಂದಾಯಿತು. ಅವರ ಮೂಗಿಗೆ ಸಗಣಿ ನಾರಬಾರದಲ್ಲ! ನಮ್ಮ ಕಚೇರಿಯಿಂದಲೇ ಫಿನಾಯಿಲ್ ಡಬ್ಬಗಳು ಹೋದವು. ಮನೆಯವರು ಪಾಪ, ನಾಲ್ಕು ದಿನ ಕೊಟ್ಟಿಗೆಯನ್ನು ತಿಕ್ಕಿ ತೊಳೆದರು. ತೊಳೆದ ನೀರನ್ನು ಎಂದಿನಂತೆ ಸಗಣಿಗೆ ಕಲಸಿ ತೊಟ್ಟಿಗೆ ಸುರಿದರು. ಸಗಣಿ ಕೊಳೆತರೆ ತಾನೇ ಗ್ಯಾಸು? ಫಿನಾಯಿಲ್ ಬಿದ್ದ ಮೇಲೆ ಕೊಳೆಯುವುದೆಲ್ಲಿ ಬಂತು. ಸಾಹೇಬರು ಕಡ್ಡಿ ಗೀರಿದರು, ಒಲೆ ಹೊತ್ತಲಿಲ್ಲ. ಕಡತ ಹಿಡಿದು ನಾನೂ ಅಲ್ಲೇ ನಿಂತಿದ್ದೆ.

ಚಾಚಾ ತೊಟ್ಟಿಗೆ ಕೈ ಹಾಕಿ ಮೂಸಿ ನೋಡಿದರು. "ಫಿನಾಯಿಲ್ ಬಿದ್ದೈತ್ರಿ ಸಾಹೇಬ್ರ. ಒಂದು ತಿಂಗ್ಳು ಟೈಮ್ ಕೊಡ್ರಿ, ಖಾಲಿ ಮಾಡಿ ಮತ್ತ ತುಂಬ್ತೀನಿ."

ಸಾಹೇಬರು ವಾಚು ನೋಡಿಕೊಂಡು ಜೀಪು ಹತ್ತಿದರು.

ಮರುದಿನ ವರದಿ ನನ್ನ ಮೇಜಿಗೇ ಬಂತು. ಸ್ಥಳೀಯ ಕೆಲಸಗಾರರಿಗೆ ಸಾಮರ್ಥ್ಯ ಸಾಲದು, ಹೊರಗಿನ ಗುತ್ತಿಗೆದಾರರಿಗೆ ವಹಿಸುವುದು ಎಂದಿತ್ತು. ಫಿನಾಯಿಲ್ ಕಳಿಸಿದವರು ನಾವೇ ಎಂಬ ಮಾತು ಎಲ್ಲೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿಮುಚ್ಚಿಕೊಂಡು ಟೈಪ್ ಮಾಡಿದೆ... ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಸಂಜೆ ಚಾಚಾ ನಮ್ಮ ಕಟ್ಟೆಗೆ ಬಂದು ಕೂತರು. "ಏನಂತ ಬರದಾರ ಬೇಟಿ?"

"ನಂಗೊತ್ತಿಲ್ಲ ಚಾಚಾ," ಅಂದೆ.

ಒಂದೆರಡು ತಿಂಗಳು ಕಾದು ನೋಡಿದರು. ಆಮೇಲೆ ಪುಣೆ ಕಡೆ ವಾಚ್‌ಮನ್ ಕೆಲಸಕ್ಕೆ ಹೋದರು. ಅಲ್ಲೇ ತೀರಿಕೊಂಡರೆಂದು ಬಹಳ ವರ್ಷಗಳ ಮೇಲೆ ತಿಳಿಯಿತು.

ಕ್ಲಿನಿಕ್ಕಿನ ಮೇಜಿನ ಮೇಲಿದ್ದ ಪೇಪರು ತಿರುವಿದೆ. ಹಸಿರು ಉದ್ಯೋಗದ ಬಗ್ಗೆ ಯಾರದೋ ಭಾಷಣ. ನಮ್ಮ ಭಾಗದಲ್ಲಿ ಕೆಲಸ ಬಲ್ಲವರೇ ಸಿಗುವುದಿಲ್ಲವಂತೆ. ಸಿಕ್ಕಿದ್ದರು. ಅವರನ್ನು ಊರು ಬಿಡಿಸಿದ ಆ ಕಾಗದದ ಕೆಳಮೂಲೆಯಲ್ಲಿ, ಟೈಪ್ ಮಾಡಿದವರ ಗುರುತಿಗೆಂದು ಬಿಟ್ಟ ಜಾಗದಲ್ಲಿ, ನನ್ನ ಇನಿಷಿಯಲ್ ಇದೆ.