ಗುಹೆಯ ಹೆಂಗಸಿಗೆ ಮಾತಿಲ್ಲ

ಗ್ರೀಕ್ ಪುರಾಣದ ಸಿನಿಮಾ ಎಂದರೆ ನನಗೀಗ ವಾಕರಿಕೆ ಬರುತ್ತದೆ. ನಮ್ಮ ಮಹಿಳಾ ತಾಳಮದ್ದಳೆ ತಂಡದ ಸಂಯೋಜಕ ಶಿರಸಿಯ ತನ್ನ ಮನೆಯ ಗೋಡೆಯ ಮೇಲೆ ಅಂಥವನ್ನು ಒಂದಾದ ಮೇಲೊಂದು ಬಿಟ್ಟು ತೋರಿಸಿದ. ಎಲ್ಲದರಲ್ಲೂ ಅದೇ ಕತೆ. ಬಡವರ ಮನೆಯಲ್ಲಿ ಬೆಳೆದವನು ದೇವರ ಮಗನೆಂದು ಗೊತ್ತಾಗುತ್ತದೆ. ಮೊದಲು ಒಲ್ಲೆ ಎನ್ನುತ್ತಾನೆ, ಆಮೇಲೆ ಹೊರಡುತ್ತಾನೆ. ಗಡ್ಡದ ಮುದುಕನೊಬ್ಬ ಕತ್ತಿ ಕೊಡುತ್ತಾನೆ. ಗುಹೆ ಹೊಕ್ಕು ಯಾವುದನ್ನೋ ಕಡಿದು ಊರಿಗೆ ಮರಳುತ್ತಾನೆ. ಮೈತುಂಬ ಎಣ್ಣೆ ಬಳಿದುಕೊಂಡಿರುತ್ತಾರೆ, ಅಂಗಿ ಮಾತ್ರ ಒಬ್ಬನಿಗೂ ಇಲ್ಲ.

ಈ ಸಂಯೋಜಕ ಚಿತ್ರಕಥೆಯ ಶಿಬಿರವೊಂದಕ್ಕೆ ಹೋಗಿ ಬಂದವ. ಹಲಗೆಯ ಮೇಲೆ ಚಕ್ರ ಬರೆದು, ‘ನಾಯಕನ ಪಯಣ’ ಎಂದು ಹೆಸರಿಟ್ಟು, ಜಗತ್ತಿನ ಕತೆಗಳೆಲ್ಲ ಇದರಲ್ಲೇ ಸುತ್ತುತ್ತವೆ ಎಂದ. ಗಾಣದ ಎತ್ತೂ ಹಾಗೇ ಸುತ್ತುತ್ತದೆ ಎಂದೆ. ಅವನಿಗೆ ನಗು ಬರಲಿಲ್ಲ.

ಯಲ್ಲಾಪುರದ ಕಾರ್ಯಕ್ರಮಕ್ಕೆ ಗ್ರೀಕರ ಕತೆಯೇ ಆಗಲೆಂದು ಅವನೇ ತೀರ್ಮಾನಿಸಿದ. ಕತ್ತಿ ಕೊಡುವ ಮುದುಕನ ಪಾತ್ರ ನನಗೆ, ನಾಯಕ ಗುಹೆಯಲ್ಲಿ ಕಡಿಯುವ, ತಲೆಗೂದಲೆಲ್ಲ ಹಾವಾದ ಹೆಂಗಸಿನದು ನನ್ನ ಅತ್ತಿಗೆಗೆ. ನಿಲ್ಕುಂದದಿಂದ ಬಸ್ಸು ಹಿಡಿದು ಇಸಳೂರಿನ ನಮ್ಮ ಮನೆಗೆ ಅಭ್ಯಾಸಕ್ಕೆ ಬರುವ ಅವಳಿಗೆ ಇಷ್ಟು ವರ್ಷ ಸಿಕ್ಕಿದ್ದು ಸಖಿ, ದೂತಿಯಂಥ ಪಾತ್ರಗಳೇ. ನಾಯಕನ ಎದುರು ಕೂತು, ಭಾಗವತರ ಪದಕ್ಕೆ ಅಲ್ಲಲ್ಲೇ ಮಾತು ಕಟ್ಟಿ ಅರ್ಥ ಹೇಳಬೇಕು, ವಾದ ಮಾಡಬೇಕು ಎಂಬ ಆಸೆ ಅವಳಿಗೆ ಮದುವೆಗೂ ಮುಂಚಿನದು.

“ಒಬ್ಬ ದೇವರು ಕೆಡಿಸಿದ, ಇನ್ನೊಬ್ಬಳು ದೇವಿ ನನಗೇ ಶಾಪ ಕೊಟ್ಟಳು. ಈಗ ನೀನು ತಲೆ ಕೇಳಲು ಬಂದಿದ್ದೀಯೆ. ನನ್ನ ಅಪರಾಧವೇನು?” ಎಂದು ಅವಳು ಅಭ್ಯಾಸದಲ್ಲಿ ಕೇಳಿದಾಗ ನನ್ನ ಮೈ ಜುಮ್ಮೆಂದಿತು. ನಾಯಕನಾಗಿದ್ದ ನಿವೃತ್ತ ಶಿಕ್ಷಕಿ ಕಡಿಯುವುದನ್ನು ಬಿಟ್ಟು ವಾದಕ್ಕೆಂದು ಮುಂದೆ ಸರಿದು ಕೂತರು.

ಸಂಯೋಜಕ ಮುಖ ಸಿಂಡರಿಸಿದ. “ಅಕ್ಕಾ, ನೀ ಹಿಂಗೆ ಮಾತಾಡಿದ್ರೆ ನಾಯಕನ ಪಯಣ ಅಲ್ಲೇ ನಿಂತು ಹೋಗ್ತು. ಸಿನಿಮಾದಲ್ಲಿ ಆ ಹೆಂಗಸಿಗೆ ಮಾತೇ ಇಲ್ಲೆ. ನೀ ಸುಮ್ನೆ ಕೂತ್ಕ.”

“ನಮ್ಮಲ್ಲಿ ರಾಕ್ಷಸಂಗೂ ಸಾಯ ಮೊದ್ಲು ಮಾತಿದ್ದಲಾ!” ಎಂದೆ.

“ಕಾಲ ಬದಲಾಜು,” ಎಂದ.

ಹೇಸಿಗೆಯಾಯಿತು. ಯಾರದೋ ಚಕ್ರ ಸರಿಯಾಗಿ ಉರುಳಲೆಂದು ಇವಳ ಬಾಯಿ ಮುಚ್ಚಿಸುವುದೇ? ಅತ್ತಿಗೆ ಮಾತ್ರ ಚೀಲ ಎತ್ತಿಕೊಂಡು ಬಸ್ಸಿಗೆ ನಡೆದಳು.

ಯಲ್ಲಾಪುರದಲ್ಲಿ ಸಭೆ ತುಂಬಿತ್ತು. ಭಾಗವತರು ಪದ ಹೇಳಿ ನಿಲ್ಲಿಸಿದ್ದೇ ಶಿಕ್ಷಕಿ ಎಂದಿನ ರೂಢಿಯಲ್ಲಿ, “ಎಲೈ ಘೋರರೂಪಿಣಿ, ಯಾರು ನೀನು?” ಎಂದುಬಿಟ್ಟರು. ಎದುರಾಳಿಗೆ ಮಾತಿಲ್ಲವೆಂಬುದು ಅವರಿಗೆ ಮರೆತೇ ಹೋಗಿತ್ತು. ತಾಳಮದ್ದಳೆಯಲ್ಲಿ ಪಳಗಿದವರಿಗೆ ಕೇಳದೆ ಕೊಲ್ಲುವುದು ಗೊತ್ತಿಲ್ಲ. ಅತ್ತಿಗೆ ಕೈಕಟ್ಟಿ ಕೂತಿದ್ದಳು. ಶಿಕ್ಷಕಿ ಮತ್ತೆ ಕೇಳಿದರು, ಜರೆದರು, ಕೆಣಕಿದರು. ಆ ಕಡೆಯಿಂದ ಒಂದು ಮಾತು ಬಂದರೆ ತಾನೇ ಈ ಕಡೆಯ ವಾದ ಬೆಳೆಯುವುದು? ಅವರ ಅರ್ಥ ಬತ್ತಿತು. ಸಭೆಯಲ್ಲಿ ಕೆಮ್ಮು, ಪಿಸುಮಾತು ಶುರುವಾಯಿತು. ಸಂಯೋಜಕ ಬದಿಯಿಂದ, ಮುಗಿಸಿ ಎಂದು ಕೈಬೀಸುತ್ತಿದ್ದ.

ಕಡೆಗೆ ಶಿಕ್ಷಕಿ ನಾಯಕನ ಗತ್ತು ಬಿಟ್ಟು ಮೈಕಿನಲ್ಲೇ, “ಎಂತಾದ್ರೂ ಹೇಳೇ ಮಾರಾಯ್ತಿ!” ಎಂದು ಗೋಗರೆದರು.

ಅತ್ತಿಗೆ ತನ್ನ ಮುಂದಿನ ಮೈಕನ್ನು ಹತ್ತಿರ ಎಳೆದುಕೊಂಡಳು.

“ಎನಗೆ ಮಾತಿಲ್ಲೆ. ಕಡಿ,” ಎಂದು ಕುತ್ತಿಗೆ ಬಗ್ಗಿಸಿದಳು.